ಅವಳಿ ಟರ್ಬೊಗಳ ಸಮಾನ ಗಾತ್ರ ಪ್ರಕರಣ

ಒಂದೇ ಎಂಜಿನ್ನಿಗೆ ಗಾಳಿ ಊದಲು ಜೋಡಿಸಿದ ಎರಡು ಟರ್ಬೊಗಳು ಅವಳಿಗಳೆಂದೂ, ಅವಳಿಗಳು ಒಂದೇ ಗಾತ್ರದಲ್ಲಿ ಇರತಕ್ಕದ್ದೆಂದೂ ಬ್ಯಾಟರಾಯನಪುರದ ಅವಳಿ ಯಂತ್ರ ಪರಿಶೀಲನಾ ಕೋಶವು ತೀರ್ಮಾನಿಸಿದೆ. ಆ ಕೋಶದ ಟಪಾಲು ಗುಮಾಸ್ತನಾದ ನಾನು ಇದಕ್ಕೆ ಸಾಕ್ಷಿ. ಮೂಲ ನಿಯಮದಲ್ಲಿ ‘ಟ್ವಿನ್ ಟರ್ಬೊ’ ಎಂದಿತ್ತು. ನಾವು ಕನ್ನಡಾಭಿಮಾನದಿಂದ ‘ಅವಳಿ’ ಎಂದು ಮಾಡಿಕೊಂಡೆವು. ಉಳಿದದ್ದನ್ನು ಆ ಪದವೇ ನೋಡಿಕೊಂಡಿತು.

ಆರ್.ಟಿ. ನಗರದ ಮೆಕ್ಯಾನಿಕ್ ಮೆಹಬೂಬ್ ಪಾಷಾ ಹನ್ನೊಂದು ವರ್ಷ ಕೂತು ಒಂದು ಕಾರು ಕಟ್ಟಿದ್ದರು. ಎಂಜಿನಿಯರಿಂಗ್ ಓದಿದ ಮಗಳು ಸುಮೈರಾ ಲೆಕ್ಕ ಹಾಕಿ ಅದಕ್ಕೆ ಎರಡು ಟರ್ಬೊ ಆರಿಸಿದ್ದಳು. ಚಿಕ್ಕದರ ಚಕ್ರ ನಲವತ್ತನಾಲ್ಕು ಮಿಲಿಮೀಟರ್, ದೊಡ್ಡದರದು ಅರವತ್ತು. ಮಾರ್ಪಾಡು ಮಾಡಿದ ವಾಹನಕ್ಕೆ ಮೂವತ್ತು ದಿನದೊಳಗೆ ನಮ್ಮ ಪ್ರಮಾಣಪತ್ರ ಸಿಗದಿದ್ದರೆ ಅದನ್ನು ಜಜ್ಜುವ ಯಂತ್ರಕ್ಕೆ ಹಾಕಬೇಕು. ಹೀಗಾಗಿ ಅಪ್ಪ ಮಗಳು ಮೊದಲ ದಿನವೇ ಬಂದರು, ಪಾಪ.

ಅಧಿಕಾರಿ ಅನಂತರಾಜು ಟೇಪು ಹಿಡಿದು ಅಳೆದರು.

“ಏನಮ್ಮಾ ಇದು, ಒಂದು ಕುಂಬಳಕಾಯಿ, ಒಂದು ನಿಂಬೆಹಣ್ಣು! ಅವಳಿ ಅಂತ ಬರೆದಿದ್ದೀರಲ್ಲ?”

“ಬೇಕಂತ್ಲೇ ಹಂಗೆ ಸಾರ್,” ಎಂದಳು ಸುಮೈರಾ. “ಎಂಜಿನ್ ಬಿಡೋ ಹೊಗೇಲೇ ಇವು ತಿರುಗೋದು. ನಿಧಾನ ಹೋಗುವಾಗ ಹೊಗೆ ಕಮ್ಮಿ, ಚಿಕ್ಕದು ಬೇಗ ಏಳತ್ತೆ. ಸ್ಪೀಡ್ ಬಂದ್ಮೇಲೆ ಅದರ ಕೈಲಾಗಲ್ಲ, ಆಗ ದೊಡ್ಡದು ಏಳತ್ತೆ.”

“ಅಲ್ಲೀವರೆಗೂ ದೊಡ್ಡದು?”

“ಸುಮ್ನೆ ಮಲಗಿರತ್ತೆ ಸಾರ್.”

ಅನಂತರಾಜು ಟೇಪು ಮಡಚಿದರು. “ಇದು ನಮ್ಮ ಆಫೀಸಿನ ಬಗ್ಗೆ ಹೇಳ್ತಿರೋದಾ?”

ಅಲ್ಲವೆಂದು ಆಕೆ ಲಿಖಿತವಾಗಿ ಬರೆದುಕೊಡಬೇಕಾಯಿತು. ಅದಕ್ಕೇ ನಾಲ್ಕು ದಿನ ಹೋಯಿತು.

“ಹೋಗ್ಲಿ, ಅಕ್ಕ ತಂಗಿ ಅಂತ ಬರ್ಕೊಳ್ಳಿ ಸಾರ್,” ಎಂದರು ಪಾಷಾ, ಸೋತು.

“ಅಕ್ಕ ತಂಗಿಗೆ ಬೇರೆ ಟೇಬಲ್ಲು.”

ಬೇರೆ ಟೇಬಲ್ಲಿನ ವೇದಾ ಮೇಡಂ ಖರೀದಿ ರಸೀದಿ ನೋಡಿದರು. “ಎರಡಕ್ಕೂ ಒಂದೇ ತಾರೀಕು ಇದೆಯಲ್ರೀ. ಒಂದೇ ದಿನ ಹುಟ್ಟಿದ ಮೇಲೆ ಅವಳಿನೇ ಕಣ್ರೀ. ಅಲ್ಲಿಗೇ ಹೋಗಿ.”

ಇನ್ನು ಸ್ಥಳ ತಪಾಸಣೆ. ನಿಯಮ ಒಂಬತ್ತರ ಪ್ರಕಾರ ಅದು ಮಧ್ಯಾಹ್ನ ಊಟದ ಹೊತ್ತಿಗೇ, ಅರ್ಜಿದಾರರ ಮನೆಯಲ್ಲೇ ನಡೆಯತಕ್ಕದ್ದು. ಪಾಷಾ ಅವರ ಹೆಂಡತಿ ಫಖ್ರುನ್ನೀಸಾ ಬಿರಿಯಾನಿ ಮಾಡಿದ್ದರು. ಕಾರು ಶೆಡ್ಡಿನಲ್ಲಿತ್ತು, ಉಂಡ ಮೇಲೆ ಅಷ್ಟು ದೂರ ಹೋಗಲು ಯಾರಿಗೂ ಆಗಲಿಲ್ಲ. ಆದ್ದರಿಂದ ತಪಾಸಣೆ ಅಪೂರ್ಣವೆಂದು ನಮೂದಿಸಿ ಮತ್ತೆ ಐದು ಸಲ ಹೋದೆವು. ಕೊನೆಗೆ ಅನಂತರಾಜು ಕಡತದಲ್ಲಿ ನನ್ನ ಕೈಯಿಂದಲೇ ಈ ಟಿಪ್ಪಣಿ ಬರೆಸಿದರು:

“ಸದರಿ ಚಿಕ್ಕ ಟರ್ಬೊ ಅಪೌಷ್ಟಿಕತೆಯಿಂದ ಬಳಲುತ್ತಿರುವಂತೆ ಕಂಡುಬರುತ್ತದೆ. ಮೂರು ತಿಂಗಳು ಬೆಳವಣಿಗೆ ಗಮನಿಸಿ ಮುಂದಿನ ಕ್ರಮ ಕೈಗೊಳ್ಳಬಹುದು.”

ಮೂರು ತಿಂಗಳು ಮುಗಿಯುವ ಮೊದಲು ಮೂವತ್ತು ದಿನ ಮುಗಿಯಿತು. ಹುಣಸಮಾರನಹಳ್ಳಿಯ ಬಯಲಿನಲ್ಲಿ ಜಜ್ಜುವ ಯಂತ್ರ ಬಾಯಿ ತೆರೆದು ಹನ್ನೊಂದು ವರ್ಷವನ್ನು ಮೂರು ನಿಮಿಷದಲ್ಲಿ ಅಗಿದು, ಟೀಪಾಯಿಯಷ್ಟು ದೊಡ್ಡ ಕಬ್ಬಿಣದ ಗಟ್ಟಿಯೊಂದನ್ನು ಉಗುಳಿತು. ಪಾಷಾ ಮಣ್ಣಿನಲ್ಲೇ ಕೂತು ಮಗುವಿನ ಹಾಗೆ ಅತ್ತರು. ಅದನ್ನು ನಮೂದಿಸಲು ನಮೂನೆಯಲ್ಲಿ ಕಾಲಂ ಇರಲಿಲ್ಲ.

ಆಗ ಅನಂತರಾಜು ಗಟ್ಟಿಯ ಹತ್ತಿರ ಹೋಗಿ ಬಗ್ಗಿ ನೋಡಿದರು. ಒಂದು ಮಗ್ಗುಲಲ್ಲಿ ಎರಡೂ ಟರ್ಬೊ ಅಕ್ಕಪಕ್ಕ ಚಪ್ಪಟೆಯಾಗಿ ಕಾಣುತ್ತಿದ್ದವು. ಟೇಪು ತೆಗೆದು ಅಳೆದರು. ಇನ್ನೊಂದು ಸಲ ಅಳೆದರು. ಅವರ ಮುಖ ಅರಳಿತು.

“ಪಾಷಾ ಅವರೇ, ಎದ್ದೇಳಿ! ಎರಡೂ ಒಂದೇ ಅಳತೆ! ಕೂದಲೆಳೆ ವ್ಯತ್ಯಾಸ ಇಲ್ಲ!”

ಅಲ್ಲೇ ಪ್ರಮಾಣಪತ್ರಕ್ಕೆ ಮೊಹರು ಬಿತ್ತು. ವೇದಾ ಮೇಡಂ ಚಪ್ಪಾಳೆ ತಟ್ಟಿದರು. ಯಂತ್ರ ನಡೆಸುವವನೂ ತಟ್ಟಿದ.

ಪಾಷಾ ಕಣ್ಣೊರೆಸಿಕೊಂಡರು. “ಸಾರ್, ಇದು ಓಡತ್ತಾ?”

“ಹೆಬ್ಬಾಳದ ಟ್ರಾಫಿಕ್ಕಲ್ಲಿ ಯಾವ ಗಾಡಿ ಓಡತ್ತೆ, ನೀವೇ ಹೇಳಿ?”

ಪಾಷಾ ಪೆನ್ನು ಇಸಿದುಕೊಂಡು, “ಅದೂ ನಿಜ ಸಾರ್” ಎಂದು ಸಹಿ ಹಾಕಿದರು. ಸುಮೈರಾ ಪ್ರಮಾಣಪತ್ರದ ಜೊತೆ ಸಿಕ್ಕ ಹೊಸ ನಂಬರ್ ಪ್ಲೇಟು ಹಿಡಿದು ಗಟ್ಟಿಯನ್ನು ಎರಡು ಸುತ್ತು ಹಾಕಿದಳು. ಆಮೇಲೆ ನನ್ನ ಹತ್ತಿರ ಬಂದು, ಇದರಲ್ಲಿ ಮುಂಭಾಗ ಯಾವುದು ಎಂದು ವಿನಯದಿಂದ ಕೇಳಿದಳು.