ಮನೆ ಮೇಯಿಸಿದ ನಮ್ಮ ಮಾವ

ಮನೆಯಿಂದ ಪಾತ್ರೆ ಕಳುವಾದದ್ದನ್ನು ನೀವು ಕೇಳಿರುತ್ತೀರಿ. ಕೊಟ್ಟಿಗೆಯಿಂದ ಎತ್ತು ಹೋದದ್ದನ್ನೂ ಕೇಳಿರುತ್ತೀರಿ. ಮನೆಗೆ ಮನೆಯೇ ಕಾಣೆಯಾದದ್ದನ್ನು ಕೇಳಿದ್ದೀರಾ? ನಾನು ಕಣ್ಣಾರೆ ಕಂಡಿದ್ದೇನೆ. ಒಯ್ದವರು ಹೊರಗಿನವರೂ ಅಲ್ಲ, ನನ್ನ ಗಂಡನ ತಂದೆ, ಸಾಕ್ಷಾತ್ ನನ್ನ ಮಾವ!

ನನ್ನ ತವರು ಹುಕ್ಕೇರಿ. ಅಪ್ಪನ ಮನೆ ಕಲ್ಲುಗೋಡೆಯದು, ಅಜ್ಜನ ಕಾಲದಿಂದ ಕೂತಲ್ಲೇ ಕೂತಿತ್ತು. ಮನೆ ಎಂದರೆ ಹಾಗೆ ಕೂತಿರುವಂಥದ್ದು ಎಂದೇ ನಾನು ತಿಳಿದಿದ್ದೆ. ಆಗಿನ್ನೂ ಇಂಗ್ಲಿಷರ ಆಳ್ವಿಕೆ. ಹುಡುಗನ ಕಡೆಯವರಿಗೆ ಮೂಡಲಗಿ ಬಳಿ ದೊಡ್ಡ ಹೊಲವಿದೆ, ನಾಲ್ಕೂ ಕಡೆಯಿಂದ ಗಾಳಿ ಬರುತ್ತದೆ ಎಂದು ಸೋದರಮಾವ ಹೊಗಳಿ ಮದುವೆ ಮಾಡಿಸಿದ. ಗಾಳಿಯ ಮಾತು ಮಾತ್ರ ಸುಳ್ಳಲ್ಲ.

ಅದು ಮಡ್ಡಿ ನೆಲ, ಬರೀ ಕಲ್ಲು ಮತ್ತು ಜಾಲಿಮುಳ್ಳು. ಮಾವ ಹರೆಯದಲ್ಲಿ ಕುರಿ ಕಾಯುತ್ತ ಅಲ್ಲಿಗೆ ಬಂದವರು. ಯಾರಿಗೂ ಬೇಡವಾದ ಆ ನೆಲಕ್ಕೆ ಅದೇನು ಮರುಳಾದರೋ, ಕುರಿಹಿಂಡನ್ನೂ ಹೆಂಡತಿಯನ್ನೂ ಅಲ್ಲೇ ನಿಲ್ಲಿಸಿಬಿಟ್ಟರಂತೆ. ಸುತ್ತ ಕಣ್ಣು ಹಾಯುವವರೆಗೆ ಇನ್ನೊಂದು ಮನೆಯಿರಲಿಲ್ಲ. ಅಷ್ಟು ಕಲ್ಲು ಆರಿಸಿ ಬದುವಿಗೆ ಹಾಕಿದವರು ಮಾವ ಮತ್ತು ಅತ್ತೆ, ಇಬ್ಬರೇ.

ಮದುವೆಯಾದ ಮೊದಲ ವರ್ಷ ಯುಗಾದಿಗೆ ತವರಿಗೆ ಹೋದೆ. ಹಬ್ಬ ಮುಗಿಸಿ ಅಣ್ಣನ ಚಕ್ಕಡಿಯಲ್ಲಿ ತಿರುಗಿ ಬಂದರೆ ಮನೆ ಇಲ್ಲ! ನನ್ನ ಒಲೆಯಿದ್ದ ಜಾಗವನ್ನು ನೇಗಿಲು ಮಗುಚಿ ಹಾಕಿತ್ತು. ಬಾಗಿಲ ಬಳಿ ನಾನು ಹಚ್ಚಿದ್ದ ದಾಸವಾಳವೊಂದೇ ಬಟಾಬಯಲಲ್ಲಿ ನಿಂತಿತ್ತು. ಅಣ್ಣನ ಮುಖ ಬಿಳಿಚಿಕೊಂಡಿತು. ಪ್ಲೇಗು ಬಂತೋ ದರೋಡೆಯಾಯಿತೋ ಎಂದು ಅವನು ಎತ್ತುಗಳನ್ನು ಹುಕ್ಕೇರಿಯ ಕಡೆ ತಿರುಗಿಸಿಯೂ ಬಿಟ್ಟ. ನಾನು ಅಳಲು ಬಾಯಿ ತೆರೆಯುವಷ್ಟರಲ್ಲಿ ಹೊಲದ ಆ ತುದಿಯಿಂದ ಯಾರೋ ರುಮಾಲು ಬೀಸಿದರು. ಮಾವ! ಅವರ ಹಿಂದೆ ಅದೇ ಗುಡಿಸಲು, ಅದೇ ಜೋಳದ ಕಣಿಕೆಯ ಚಾವಣಿ, ಅದೇ ಗಿಡ್ಡ ಬಾಗಿಲು.

"ಕುರಿ ಮಲಗಿದ ಜಾಗದಾಗ ಜ್ವಾಳ ಆಳೆತ್ತರ ಬರತೈತಿ," ಎಂದು ಮಾವ ಅಣ್ಣನಿಗೆ ಸಮಾಧಾನವಾಗಿ ತಿಳಿಸಿದರು. "ಮನಶ್ಯಾರು ಇದ್ದ ಜಾಗದಾಗ ಯಾಕ ಬರಬಾರದು? ಒಲಿ ಬೂದಿ, ಎತ್ತಿನ ಸಗಣಿ, ಮುಸರಿ ನೀರು, ಎಲ್ಲಾ ಒಂದ ಕಡೆ ಬಿದ್ದು ಹಾಳ ಆಗತಾವು."

ಅಂದರೆ ಅವರ ಲೆಕ್ಕದಲ್ಲಿ ನಾವೂ ಕುರಿಗಳೇ! ಪ್ರತಿ ಯುಗಾದಿ ಕಳೆದ ಮೇಲೆ ಕಂಬ, ಚಾವಣಿ ಬಿಚ್ಚಿ ಮನೆಯನ್ನು ಎಬ್ಬಿಸಿ ಹೊಸ ಜಾಗದಲ್ಲಿ ಕೂರಿಸುತ್ತಿದ್ದರು. ಮೊದಲೇ ಯಾಕೆ ಹೇಳಲಿಲ್ಲವೆಂದು ಯಜಮಾನರನ್ನು ಕೇಳಿದರೆ, ಇದರಲ್ಲಿ ಹೇಳುವಂಥದ್ದೇನಿದೆ ಎಂದು ಅವರೇ ಬೆರಗಾದರು. ಪಾಪ, ಹುಟ್ಟಿದ್ದೇ ಅಲ್ಲಿ. ಹೊಟ್ಟೆ ಉರಿಯುವ ಸಂಗತಿ ಏನೆಂದರೆ, ನನ್ನ ಒಲೆಯಿದ್ದ ಜಾಗದಲ್ಲಿ ಜೋಳ ನಿಜಕ್ಕೂ ಆಳೆತ್ತರ ಬಂತು.

ಒಮ್ಮೆ ಕಂದಾಯದ ಲೆಕ್ಕ ಬರೆಯುವ ತಲಾಟಿ ಕುದುರೆಯೇರಿ ಬಂದರು. ಹೋದ ಸಲ ಹಳ್ಳದ ದಂಡೆಯಲ್ಲಿದೆ ಎಂದು ಅವರೇ ಬರೆದುಕೊಂಡ ಮನೆ ಈಗ ಗುಡ್ಡದ ಬದಿಗಿತ್ತು. ನಿನ್ನ ಮನೆ ಎಲ್ಲಿದೆ, ಸರಿಯಾಗಿ ಹೇಳು ಎಂದು ಗದರಿದರು. ಮಾವ ಕೈಮುಗಿದು, "ಯಾವ ವರ್ಷದ್ದು ಕೇಳಾಕತ್ತೀರಿ, ಸಾಹೇಬರ?" ಎಂದರು. ಸಾಹೇಬರು ಮಜ್ಜಿಗೆಯನ್ನು ಅರ್ಧಕ್ಕೇ ಬಿಟ್ಟು ಕುದುರೆ ಹತ್ತಿದರು.

ನಗುವವರು ನಗಲಿ, ಬಾಳುವವಳು ನಾನಲ್ಲವೇ? ಹಚ್ಚಿದ ಗಿಡ ಹಿಂದೆಯೇ ಉಳಿಯುತ್ತಿತ್ತು, ಸಾರಿಸಿದ ನೆಲ ನೇಗಿಲಿಗೆ ಹೋಗುತ್ತಿತ್ತು. ಬಸುರಿಯಾದಾಗ ಗಟ್ಟಿ ಮನಸ್ಸು ಮಾಡಿದೆ.

"ಮಾವಾರ, ನನಗ ಕಲ್ಲಿನ ಗೋಡಿ ಬೇಕ್ರಿ. ಗೋಡಿ ಏಳೂತನಕ ಕೂಸಿನ್ನ ತಗೊಂಡು ನಾ ತವರಿಂದ ಬರಾಂಗಿಲ್ಲ."

ಹೊಲದ ತುಂಬ ಮನೆ ಒಂದು ಸುತ್ತು ಬರಲಿ, ಆಮೇಲೆ ಗೋಡೆ ಎಂದರು ಮಾವ. ಅರ್ಧ ಹೊಲ ಇನ್ನೂ ಬಾಕಿಯಿತ್ತು! ಅತ್ತೆಯಾದರೂ ನನ್ನ ಪರ ಒಂದು ಮಾತು ಆಡುತ್ತಾರೇನೋ ಎಂದು ನೋಡಿದೆ. ಅವರು ತಲೆ ತಗ್ಗಿಸಿ ಹಿಟ್ಟು ನಾದುತ್ತಿದ್ದರು. ಮೈಯೆಲ್ಲ ಉರಿದುಹೋಯಿತು.

ಯುಗಾದಿ ಕಳೆಯಿತು. ನಾಳೆ ಮನೆ ಸರಿಸೋಣ ಎಂದಿದ್ದ ಮಾವ, ಆಳುಗಳು ಸಿಕ್ಕರೆಂದು ಒಂದು ದಿನ ಮೊದಲೇ ಸರಿಸಿಬಿಟ್ಟರು. ಆಗ ಅತ್ತೆ ಬಟ್ಟೆ ಒಗೆಯಲು ಹಳ್ಳಕ್ಕೆ ಹೋಗಿದ್ದರು. ತಿರುಗಿ ಬಂದವರು ನೆಟ್ಟಗೆ ಹಳೆಯ ಜಾಗಕ್ಕೇ ನಡೆದು, ಗಂಟನ್ನು ತಲೆಯಿಂದ ಇಳಿಸಿ, ಗಿಡ್ಡ ಬಾಗಿಲಿಗೆ ಬಗ್ಗುವಂತೆ ಬಗ್ಗಿದರು. ಬಾಗಿಲೆಲ್ಲಿದೆ! ನನಗೆ ನಗು ತಡೆಯಲಾಗಲಿಲ್ಲ. ಅತ್ತೀ, ಇತ್ತ ಬರ್ರಿ ಎಂದು ಕೂಗಿದೆ. ಅವರು ತಿರುಗಿದರು, ಆದರೆ ನನ್ನ ಕಡೆಗಲ್ಲ. ಅಷ್ಟು ದೊಡ್ಡ ಗುಡಿಸಲು ಬಯಲಲ್ಲಿ ಎದ್ದು ಕಾಣುತ್ತಿತ್ತು. ಅವರ ಕೈ ಮಾತ್ರ ಬರಿಗಾಳಿಯಲ್ಲಿ ಬಾಗಿಲ ಚೌಕಟ್ಟನ್ನು ತಡಕುತ್ತಿತ್ತು.

ಅತ್ತೆಗೆ ಕಣ್ಣು ಕಾಣುತ್ತಿರಲಿಲ್ಲ. ರೊಟ್ಟಿ, ನೀರು, ಹಳ್ಳದ ದಾರಿ, ಎಲ್ಲವನ್ನೂ ರೂಢಿಯ ಮೇಲೆಯೇ ನಡೆಸುತ್ತಿದ್ದರು. ಕೈ ಹಿಡಿದು ಕರೆತರಲು ಓಡಿದೆ. ಚಾವಣಿಗೆ ಹಗ್ಗ ಬಿಗಿಯುತ್ತಿದ್ದ ಮಾವ ನನ್ನನ್ನು ತಡೆದರು.

"ಆಕೀನ್ನ ಇಲ್ಲಿಗೆ ತರಬ್ಯಾಡವಾ. ಮನೀನ ಅಲ್ಲಿಗೆ ಒಯ್ಯೂಣು."

ಬಿಗಿದ ಹಗ್ಗ ಬಿಚ್ಚಿದರು. ಆಳುಗಳು ಗೊಣಗಿದರು. ಮಾವ ಚೌಕಟ್ಟನ್ನು ತಾವೇ ಹೆಗಲ ಮೇಲೆ ಹೊತ್ತು ತಂದು ಅತ್ತೆಯ ಎದುರು ನಿಲ್ಲಿಸಿ, ಯಾವಾಗಿನಿಂದ ಕಾಣುತ್ತಿಲ್ಲ ಎಂದು ಕೇಳಿದರು.

"ಹೊಲ ಮುಗೀಲಿ ಅಂತ ಸುಮ್ಮನಿದ್ನಿರಿ," ಎಂದರು ಅತ್ತೆ.

ಮಾವ ಅವರ ಕೈ ಹಿಡಿದು ಚೌಕಟ್ಟಿನ ಮೇಲಿಟ್ಟರು.

ಮನೆ ಆ ಜಾಗದಿಂದ ಮತ್ತೆ ಏಳಲಿಲ್ಲ. ಮಳೆಗಾಲಕ್ಕೆ ಮೊದಲೇ ಸುತ್ತ ಕಲ್ಲಿನ ಗೋಡೆ ಎದ್ದಿತು. ಬಾಣಂತನ ಮುಗಿಸಿ ನಾನು ಮಗಳನ್ನು ಎತ್ತಿಕೊಂಡು ಚಕ್ಕಡಿಯಿಂದ ಇಳಿದಾಗ, ಅತ್ತೆ ಆ ಗೋಡೆಯನ್ನು ಸವರುತ್ತ, ಯಾರ ಕೈಯನ್ನೂ ಬೇಡದೆ ಬಾಗಿಲಿಗೆ ಬಂದು, ಕೂಸಿಗಾಗಿ ಎರಡೂ ಕೈ ಚಾಚಿ ನಿಂತರು.