ಹಿಂದೆ ನಿಂತವರು ಯಾರು?

ನಮ್ಮ ಕಾಕಾ ಈ ಭೂಮಿಯ ಮೇಲೆ ಪೂರ್ತಿ ನಂಬಿದ್ದು ಒಂದೇ ಒಂದು ಜೀವವನ್ನು. ಅದು ಅವನ ಎಮ್ಮೆ. ಹೋದ ವರ್ಷದಿಂದ ಆ ನಂಬಿಕೆಯೂ ಹೋಗಿದೆ! ಹಿಂಡುವಾಗ ಅದು ಕತ್ತು ತಿರುಗಿಸಿ ಅವನನ್ನೇ ನೋಡುತ್ತದಂತೆ. "ಎಮ್ಮಿಗಿ ನನ್ನ ಮ್ಯಾಲ ಯಾಕ ಕಣ್ಣು? ಇದರಾಗ ಏನೋ ಐತಿ" ಎಂದು ಹಿಂಡುವ ಕೆಲಸವನ್ನು ಹೆಂಡತಿಗೆ ಬಿಟ್ಟುಕೊಟ್ಟ. ಈಗ ಅವಳು ಹಿಂಡುವಾಗ ಇವನು ದೂರದಲ್ಲಿ ನಿಂತು ಎಮ್ಮೆಯ ಮೇಲೆ ನಿಗಾ ಇಡುತ್ತಾನೆ.

ಕಾಕಾ ಎಂದರೆ ನಮ್ಮ ಅಪ್ಪನ ತಮ್ಮ. ಅವನ ಹೆಂಡತಿಯನ್ನು ನಾವು ಕಾಕು ಎನ್ನುತ್ತೇವೆ. ರಾಯಬಾಗದಿಂದ ಒಳಗೆ ಕಬ್ಬಿನ ನಡುವೆ ಅವರ ತೋಟದ ಮನೆ. ನಾನು ಚಿಕ್ಕೋಡಿಯ ಹೈಸ್ಕೂಲೊಂದರಲ್ಲಿ ಪಾಠ ಹೇಳುವವಳು, ರಜೆ ಸಿಕ್ಕರೆ ಅಲ್ಲಿಗೆ ಓಡುತ್ತೇನೆ. ಕಾಕುವಿನ ಕೈಯ ಜೋಳದ ರೊಟ್ಟಿ ಒಂದು ಕಾರಣ. ಕಾಕಾನ ಸಂಶಯಗಳು ಇನ್ನೊಂದು ಕಾರಣ. ಇಷ್ಟು ಪುಕ್ಕಟೆ ಮನರಂಜನೆ ಬೇರೆಲ್ಲಿ ಸಿಗಬೇಕು ಹೇಳಿ!

ಬಸ್ಸಿನ ಪ್ರಸಂಗವನ್ನೇ ನೋಡಿ. ಬಸ್ಸಿನ ಹಣೆಯ ಮೇಲೆ 'ರಾಯಬಾಗ' ಎಂದು ಬರೆದಿರುತ್ತದೆ. ಕಾಕಾ ಅದನ್ನು ಓದುತ್ತಾನೆ. ಆಮೇಲೆ ಕಂಡಕ್ಟರನನ್ನು ಕೇಳುತ್ತಾನೆ. ಆಮೇಲೆ ಡ್ರೈವರನನ್ನು. ಆಮೇಲೆ ಒಳಗೆ ಕುಳಿತವರನ್ನು ಸೀಟು ಸೀಟಿಗೂ. ಎಲ್ಲರೂ "ಹೌದ್ರಿ, ರಾಯಬಾಗಕ್ಕ ಹೋಗತೈತಿ" ಎಂದರೆ ಇವನು ಸಮಾಧಾನದಿಂದ ಕೂರಬೇಕಲ್ಲವೇ? ಇಲ್ಲ, ಇಳಿದುಬಿಡುತ್ತಾನೆ! "ಎಲ್ಲಾರೂ ಒಂದ ಮಾತ ಹೇಳತಾರ ಅಂದ್ರ ಮೊದಲ ಕೂಡಿ ಮಾತಾಡಿಕೊಂಡಾರ."

ಕ್ಷೌರಕ್ಕೆ ಕುಳಿತರೆ ಒಂದು ಕೈಯಿಂದ ಮೀಸೆ ಮುಚ್ಚಿಕೊಂಡೇ ಕೂರುತ್ತಾನೆ. ನಿಪ್ಪಾಣಿಯ ಕಣ್ಣಿನ ಡಾಕ್ಟರು ಎಡಗಣ್ಣಿಗೆ ಪೊರೆ ಬಂದಿದೆ, ತೆಗೆಯೋಣ ಎಂದದ್ದೇ ತಡ, ಚಪ್ಪಲಿ ಹುಡುಕಿಕೊಂಡು ಹೊರಟುಬಂದ. "ಪೊರಿ ಐತಿ ಅಂತ ಹೇಳಾಂವನೂ ಅಂವನ, ತಗ್ಯಾಂವನೂ ಅಂವನ! ನಾ ಏನ್ ದಡ್ಡ ಅದೀನೇನ?"

ಇಷ್ಟರವರೆಗೆ ನಕ್ಕು ಸುಮ್ಮನಾಗಬಹುದಿತ್ತು. ತೊಡಕಾದದ್ದು ಟ್ರ್ಯಾಕ್ಟರಿನಿಂದ.

ಟ್ರ್ಯಾಕ್ಟರು ಕಾಕಾನ ಪ್ರಾಣ. ಅದರ ಚಾವಿಯನ್ನು ಉಡಿದಾರಕ್ಕೆ ಕಟ್ಟಿಕೊಂಡು ಮಲಗುತ್ತಾನೆ. ಟ್ರೇಲರ್ ಹಚ್ಚಿದ ಟ್ರ್ಯಾಕ್ಟರನ್ನು ಹಿಂದಕ್ಕೆ ಹಾಕುವುದು ನೀವಂದುಕೊಂಡಷ್ಟು ಸುಲಭವಲ್ಲ. ಸ್ಟೇರಿಂಗ್ ಈ ಕಡೆ ತಿರುಗಿಸಿದರೆ ಟ್ರೇಲರು ಆ ಕಡೆ ಹೋಗುತ್ತದೆ, ಹಿಂದಿನ ಮೂಲೆ ಸೀಟಿನ ಮೇಲಿದ್ದವನಿಗೆ ಕಾಣುವುದೇ ಇಲ್ಲ. ಅದಕ್ಕೇ ನಮ್ಮ ಕಡೆ ಯಾರಾದರೊಬ್ಬರು ಹಿಂದೆ ನಿಂತು "ಬರ್ಲಿ, ಬರ್ಲಿ, ಬರ್ಲಿ... ಬಸ್!" ಎಂದು ಕೂಗುವ ರೂಢಿ. ಕೂಗುವವನ ಕಣ್ಣು, ಹಾಕುವವನ ಕೈ. ಆದರೆ ಕಾಕಾ ಇನ್ನೊಬ್ಬರ ಕಣ್ಣನ್ನು ನಂಬುವ ಆಸಾಮಿಯೇ? ಒಂದು ಮಾರು ಹಿಂದೆ ಹಾಕುತ್ತಾನೆ, ಬಂದ್ ಮಾಡುತ್ತಾನೆ, ಇಳಿಯುತ್ತಾನೆ, ಹಿಂದೆ ಹೋಗಿ ನೋಡುತ್ತಾನೆ, ಮತ್ತೆ ಹತ್ತುತ್ತಾನೆ. ಇವನು ಟ್ರೇಲರನ್ನು ಜಾಗಕ್ಕೆ ಸೇರಿಸುವಷ್ಟರಲ್ಲಿ ಕಾಕು ಒಂದು ಬುಟ್ಟಿ ರೊಟ್ಟಿ ಬಡಿದು ಮುಗಿಸಿರುತ್ತಾಳೆ.

ಇಷ್ಟಾದರೂ ದನದ ಮನೆಯ ಗೋಡೆಗೆ ಗುದ್ದಿದ. ಕಟ್ಟಿಸಿದರು. ಮತ್ತೆ ಗುದ್ದಿದ, ಅದೇ ಎಡಗಡೆಗೆ. "ಗ್ವಾಡಿ ಮೊದಲ ಇಲ್ಲಿರಲಿಲ್ಲ" ಎಂದ ಕಾಕಾ, "ಯಾರೋ ಸರಿಸ್ಯಾರ." ಆ ಸಲ ಗೋಡೆಯಾಚೆ ಕಾಕುವೇ ಸಗಣಿ ಬಳಿಯುತ್ತಿದ್ದಳು. ಇಟ್ಟಿಗೆ ಬಿದ್ದದ್ದು ಅವಳಿಂದ ಒಂದು ಗೇಣು ಆಚೆಗೆ.

ಕಾಕುವಿನ ತವರು ಕಾಗವಾಡದ ಗಡಿ. ಸಿಟ್ಟು ಬಂದರೆ, ಗಾಬರಿಯಾದರೆ ಮರಾಠಿಗೆ ಇಳಿಯುತ್ತಾಳೆ. ಅವತ್ತು ಮರಾಠಿಯಲ್ಲಿ ಏನೇನು ಅಂದಳೋ ಬಿಡಿ, ಕೊನೆಗೆ ಕನ್ನಡದಲ್ಲಿ ತೀರ್ಪು ಕೊಟ್ಟಳು: "ಸಕ್ರಿ ಕಾರ್ಖಾನಿ ಚಾಲೂ ಆಗೂದ್ರಾಗ ಏನರೆ ಒಂದ ಮಾಡ್ರಿ. ಹಿಂದ ಯಾರನರೆ ನಿಂದ್ರಿಸಿಕೊಂಡ ಅವರು ಹೇಳಿದಂಗ ಹಾಕ್ರಿ. ಇಲ್ಲಂದ್ರ ಚಾವಿ ಬ್ಯಾರೆ ಡ್ರೈವರನ ಕೈಯಾಗ ಕೊಡ್ರಿ. ಎಡಗಣ್ಣಿಲೆ ಏನೂ ಕಾಣೂದಿಲ್ಲ ನಿಮಗ, ನನಗ ಗೊತ್ತಿಲ್ಲೇನ?"

ಕಾಕಾ ಕುಗ್ಗಿಹೋದ. ಚಾವಿ ಹೋದರೆ ಉಳಿಯುವುದೇನು? ಸಂಜೆ ನನ್ನನ್ನು ಮೂಲೆಗೆ ಕರೆದು ಪಿಸುಗುಟ್ಟಿದ: "ನಿಮ್ಮ ಕಾಕು ಅವರ ಅಣ್ಣನ ಕೂಡ ಫೋನಿನ್ಯಾಗ ದಿನಾ ಮರಾಠಿ ಮಾತಾಡಾಕತ್ತಾಳ. ನನ್ನ ಚಾವಿ ಕಸಕೊಳ್ಳೂ ಹಂಚಿಕಿ ಇದು."

"ಕಾಕಾ, ನಿನಗ ಮರಾಠಿ ಅಕಿಗಿಂತ ಚಲೋ ಬರತೈತಿ. ಏನ ಮಾತಾಡಿದಳು?"

"ಸೊಸಿಗೆ ಗಂಡು ಕೂಸ ಹುಟ್ಟಿದ್ದು ಮಾತಾಡಿದಳು. ಅದ ಸಂಶೇ ಬರೂದು! ಚಾವಿ ಸುದ್ದಿನ ತಗೀಲಿಲ್ಲ!"

ಇಂಥ ಮನುಷ್ಯನ ಎದುರಿಗೆ ನಾನು ಮೊಬೈಲಿನಲ್ಲಿ ಆಟ ಆಡಬಾರದಿತ್ತು. ಆದರೆ ಏನು ಮಾಡಲಿ, ನನಗದರ ಚಟ. ವಾರವಿಡೀ ಹುಡುಗರಿಗೆ "ಮೊಬೈಲ್ ಮುಟ್ಟಬ್ಯಾಡ್ರಿ" ಎಂದು ಗದರಿಸುವ ನಾನು, ರವಿವಾರ ಕಾಕಾನ ಕಟ್ಟೆಯ ಮೇಲೆ ಕುಳಿತು ಬಂದೂಕು ಹಿಡಿದು ಗುಡ್ಡ ಹತ್ತುತ್ತಿರುತ್ತೇನೆ. ಕಾಕಾ ಹೆಗಲ ಮೇಲಿಂದ ಬಗ್ಗಿ ನೋಡಿದ. ತೆರೆಯ ಮೇಲೆ ಬಂದೂಕು ಹಿಡಿದ ಎರಡು ಕೈ ಮಾತ್ರ ಕಾಣುತ್ತಿದ್ದವು.

"ಇಂವನ ಮಾರಿ ಎಲ್ಲೈತಿ?"

"ನಾನ ಅಂವ, ಕಾಕಾ. ಅವನ ಕಣ್ಣಿಲೆ ನಾವ ನೋಡೂದು. ಇದಕ್ಕ ಒಂದನೇ ನೋಟ ಅಂತಾರ."

"ಮಾರಿ ತೋರಸದ ಓಡ್ಯಾಡಾಂವ ಚಲೋ ಮನಿಶಾ ಅಲ್ಲ. ಬ್ಯಾರೆ ತಗಿ."

ಬೇರೆ ಆಟ ತೆಗೆದೆ. ಇದರಲ್ಲಿ ಆಳು ಪೂರ್ತಿ ಕಾಣುತ್ತಾನೆ, ಆದರೆ ಬೆನ್ನ ಕಡೆಯಿಂದ. ಅವನು ಓಡಿದಂತೆ ನಮ್ಮ ನೋಟವೂ ಹಿಂದೆಯೇ ಓಡುತ್ತದೆ. ಇದು ಮೂರನೇ ನೋಟ. ಕಾಕಾನ ಕೈಗೆ ಕೊಟ್ಟೆ. ಎರಡು ಹೆಜ್ಜೆ ಹಾಕಿಸಿ ನಿಂತುಬಿಟ್ಟ.

"ಇಂವನ ಹಿಂದ ಯಾರ ನಿಂತಾರ?"

"ಯಾರೂ ಇಲ್ಲ."

"ಯಾರೂ ಇಲ್ಲಂದ್ರ ಬೆನ್ನ ಯಾರಿಗೆ ಕಾಣಾಕತ್ತೈತಿ? ಒಬ್ಬಾಂವ ಹಿಂದಿಂದ ನೋಡಕೋತ ಬಂದಾನ. ಅಂವ ಯಾರು ಗೊತ್ತಾಗೂತನಕ ನಾ ಮುಂದ ಹೋಗಾಂವಲ್ಲ!"

ಪಾಪ, ಆ ಆಳು ಅಲ್ಲೇ ನಿಂತು ಗುಂಡೇಟಿಗೆ ಸತ್ತ. ಕಾಕಾನಿಗೆ ಅದರ ಚಿಂತೆಯಿಲ್ಲ. ಅವನಿಗೆ ಹೊಸ ಸಂಶಯ ಹೊಳೆದಿತ್ತು. "ಒಂದನೇದು ಐತಿ, ಮೂರನೇದು ಐತಿ. ನಡುವಿನ ಎರಡನೇದನ್ನ ಯಾರ ಮುಚ್ಚಿಟ್ಟಾರ?"

ನಿಜ ಹೇಳುತ್ತೇನೆ, ಇಷ್ಟು ವರ್ಷ ಆಡಿದರೂ ನನಗೆ ಈ ಪ್ರಶ್ನೆ ಬಂದಿರಲಿಲ್ಲ! ಆಟಗಾರರು ಅದರ ಬಗ್ಗೆ ವಾದ ಮಾಡುತ್ತಾರೆಂದು ಎಲ್ಲೋ ಕೇಳಿದ್ದೆ, ಅಷ್ಟೇ. ಯೋಚಿಸಿ ಹೇಳಿದೆ: "ನೀ ಓಡಾಕತ್ತಿ ಅಂತ ತಿಳಿ. ನಿನ್ನ ಬೆನ್ನ ಹತ್ತಿದಾಂವ ಒಬ್ಬಾಂವ ಅದಾನ. ಓಡಸೂದು ನಿನ್ನ ಕೈಯಾಗ ಐತಿ. ಆದ್ರ ತೆರಿ ಮ್ಯಾಲ ಕಾಣೂದು ಅವನ ಕಣ್ಣಿಗಿ ಏನ ಕಾಣತೈತಿ ಅದಷ್ಟ. ಅವನ ಕಣ್ಣಿಲೆ ನಿನ್ನ ನೀನ ನೋಡಕೋತ ನಡೀಬೇಕು. ಇದ ಎರಡನೇದು ಇರಬೇಕು. ಇಂಥಾ ಆಟ ಭಾಳ ಕಡಿಮಿ, ಆಡಾಕ ತ್ರಾಸ."

ಕಾಕಾನ ಮುಖ ಅರಳಿತು. ಜೀವಮಾನದುದ್ದಕ್ಕೂ ಅವನು ತಿಳಿಯಬೇಕೆಂದಿದ್ದದ್ದು ಇದನ್ನೇ ಅಲ್ಲವೇ, ಮಂದಿ ತನ್ನನ್ನು ಹೇಗೆ ನೋಡುತ್ತಾರೆ ಎಂಬುದನ್ನು? "ಇದ ಖರೇ ಆಟ. ಅದಕ್ಕ ಮುಚ್ಚಿಟ್ಟಾರ ಮಕ್ಕಳು. ನಡಿ, ಆಡೂಣು."

ಮೊಬೈಲಿನಲ್ಲಿ ಇಲ್ಲದ ಆಟವನ್ನು ಅಂಗಳದಲ್ಲೇ ಆಡಿದೆವು. ನಾನು ಎದುರಿಗೆ ನಿಂತು ನನ್ನ ಫೋನಿನಿಂದ ವಿಡಿಯೋ ಕಾಲ್ ಮಾಡಿ ಅವನನ್ನು ತೋರಿಸಬೇಕು, ಅವನು ತನ್ನ ಫೋನಿನಲ್ಲಿ ತನ್ನನ್ನು ನೋಡುತ್ತಾ ನಡೆಯಬೇಕು. ಕಣ್ಣೆತ್ತುವಂತಿಲ್ಲ! ಅವನು ಬಲಕ್ಕೆ ಸರಿದರೆ ಫೋನಿನೊಳಗಿನ ಕಾಕಾ ಎಡಕ್ಕೆ ಸರಿದ. "ಈ ಮಗ ನನ್ನ ಮಾತ ಕೇಳವಲ್ಲ" ಎಂದು ತನ್ನನ್ನೇ ಬೈದುಕೊಂಡ. ಸಾಲದ್ದಕ್ಕೆ ನಮ್ಮ ತೋಟದ ನೆಟ್‌ವರ್ಕ್ ಬಹಳ ನಿಧಾನ. ಫೋನಿನೊಳಗಿನ ಕಾಕಾ ಇನ್ನೂ ಅಂಗಳದ ನಡುವೆ ಇದ್ದ. ಹೊರಗಿನ ಕಾಕಾ ಆಗಲೇ ಎಮ್ಮೆ ನೀರು ಕುಡಿಯುವ ಬಾನಿಯೊಳಗೆ ಇದ್ದ!

ಎಮ್ಮೆ ಕತ್ತು ತಿರುಗಿಸಿ ನೋಡಿತು. "ನೋಡಿದ್ಯಾ, ನೋಡಿದ್ಯಾ?" ಎಂದ ಕಾಕಾ, ನೀರಿನಿಂದಲೇ.

ಅಷ್ಟಕ್ಕೆ ಬಿಟ್ಟನೇ? ಮರುವಾರ ನಾವು ಮೂವರೂ ಹಾರೂಗೇರಿಯ ಸಂತೆಗೆ ಹೋದೆವು. ಅಲ್ಲಿ ನೆಟ್‌ವರ್ಕ್ ಚೆನ್ನಾಗಿದೆ, ಮಂದಿಯೂ ಬೇಕಾದಷ್ಟು ಇರುತ್ತಾರೆ. ಕಾಕಾ ತನ್ನ ಫೋನಿನಲ್ಲಿ ತನ್ನ ಬೆನ್ನನ್ನೇ ನೋಡುತ್ತಾ ಮುಂದೆ, ಎದೆಯ ಹತ್ತಿರ ನನ್ನ ಫೋನು ಹಿಡಿದು ನಾನು ಹಿಂದೆ, ಬೆನ್ನು ಹತ್ತಿದವಳಂತೆ. ಕಾಕಾ ದಾಟಿಹೋದ ಮೇಲೆ ಯಾರು ಯಾರು ಅವನತ್ತ ಕಣ್ಣು ಮಿಟುಕಿಸುತ್ತಾರೆ, ಯಾರು ಯಾರು ನಗುತ್ತಾರೆ, ಎಲ್ಲ ಇವತ್ತು ಬಯಲಿಗೆ ಬರಬೇಕೆಂದು ಲೆಕ್ಕ. ಕಾಕು ಚೀಲ ಹಿಡಿದು, "ಗಂಡಗೂ ಹುಚ್ಚು, ಸಾಲಿ ಕಲಸಾಕಿಗೂ ಹುಚ್ಚು" ಎಂದುಕೊಳ್ಳುತ್ತಾ ಅವನ ಎಡಕ್ಕೆ ಅರ್ಧ ಹೆಜ್ಜೆ ಹಿಂದೆ ನಡೆದಿದ್ದಳು.

ಮೆಣಸಿನಕಾಯಿ ಸಾಲು ದಾಟಿದೆವು, ಬಟ್ಟೆ ಅಂಗಡಿ ದಾಟಿದೆವು. ಕಾಕಾ ಗಕ್ಕನೆ ನಿಂತು ನನ್ನತ್ತ ತಿರುಗಿದ. ಮುಖ ಕೆಂಪಾಗಿತ್ತು.

"ಒಬ್ಬರೂ ನನ್ನ ನೋಡವಲ್ಲರು!"

"ಚಲೋನ ಆತಲ್ಲ ಕಾಕಾ."

"ಏನ್ ಚಲೋ? ಇಷ್ಟ ಮಂದಿ, ಒಬ್ಬನೂ ಹೊಳ್ಳಿ ನೋಡೂದಿಲ್ಲಂದ್ರ? ಎಲ್ಲಾರೂ ಕೂಡಿ ಮಾತಾಡಿಕೊಂಡಾರ!"

ನಗು ತಡೆದುಕೊಳ್ಳಲು ನಾನು ಸೆರಗು ಬಾಯಿಗಿಟ್ಟುಕೊಂಡೆ. ಮತ್ತೆ ನಡೆದೆವು. ಉಳ್ಳಾಗಡ್ಡಿ ಮಾರುವವರ ಕಡೆ ದಾರಿ ಕಿರಿದು, ಎಡಕ್ಕೆ ತೆರೆದ ಗಟಾರು. ಅಲ್ಲಿ ಕಾಕಾನ ಹೆಜ್ಜೆ ನಿಧಾನವಾಯಿತು. ಫೋನನ್ನು ಮುಖದ ಹತ್ತಿರಕ್ಕೆ, ಬಲಗಣ್ಣಿಗೆ ಹಿಡಿದ. ಏನು ಕಂಡನೆಂದು ನಾನೂ ನನ್ನ ಫೋನಿನೊಳಗೆ ನೋಡಿದೆ.

ಕಾಕಾನ ಎಡಮೊಳಕೈಯ ಹಿಂದೆ ಒಂದು ಕೈ ಇತ್ತು. ಹಸಿರು ಬಳೆಯ ಕೈ. ಮುಟ್ಟಿರಲಿಲ್ಲ. ಹಿಡಿಯಲು ತಯಾರಾಗಿ, ನಾಲ್ಕು ಬೆರಳು ಅಂತರದಲ್ಲಿ, ಸುಮ್ಮನೆ ನಿಂತಿತ್ತು. ಕಾಕುವಿಗೆ ಅದರ ಖಬರೇ ಇರಲಿಲ್ಲ. ಅವಳ ಮುಖ ಉಳ್ಳಾಗಡ್ಡಿಯವನ ಕಡೆಗಿತ್ತು, ಬಾಯಿ ದರದ ಜಗಳ ಮಾಡುತ್ತಿತ್ತು. ಕೈ ಮಾತ್ರ ಗಂಡನ ಹತ್ತಿರ ಇತ್ತು. ಗಟಾರು ದಾಟಿದ ಮೇಲೆ ತಾನಾಗಿ ಕೆಳಗಿಳಿಯಿತು.

ಸಂಶಯದ ಮನುಷ್ಯ ಒಂದು ಸಲ ಕಂಡದ್ದನ್ನು ನಂಬಿಯಾನೇ? ಪರೀಕ್ಷೆ ಮಾಡಿದ! ಬೇಕೆಂದೇ ಎಡಕ್ಕೆ, ಅಂಚಿನ ಕಡೆಗೆ ವಾಲಿದ. ಕೈ ಎದ್ದಿತು. ಬಲಕ್ಕೆ ಸರಿದ. ಕೈ ಇಳಿಯಿತು. ಮತ್ತೆ ವಾಲಿದ. ಮತ್ತೆ ಎದ್ದಿತು. ತಟ್ಟನೆ ತಿರುಗಿ ನೋಡಿದ. ಅಷ್ಟರಲ್ಲಿ ಕೈ ಸೆರಗಿನೊಳಗೆ ಹೋಗಿತ್ತು. ಎಷ್ಟು ಚುರುಕಾಗಿ ಹೋಯಿತೆಂದರೆ, ಅದು ಅವತ್ತು ಕಲಿತ ಚುರುಕಲ್ಲ ಎಂದು ಯಾರಿಗಾದರೂ ತಿಳಿಯುತ್ತಿತ್ತು. ಈ ಕೈ ಅವನ ಸ್ವಂತ ಕಣ್ಣಿಗೆ ಎಂದೂ ಕಾಣಲು ಸಾಧ್ಯವೇ ಇರಲಿಲ್ಲ. ನನಗೆ ನಗು ನಿಂತುಹೋಯಿತು.

"ಏನ ಹಿಂಗ ನೋಡಾಕತ್ತೀರಿ?" ಎಂದಳು ಕಾಕು.

"ಏನಿಲ್ಲ." ಕಾಕಾ ಫೋನು ಬಂದ್ ಮಾಡಿ ಕಿಸೆಗಿಟ್ಟ. ಮನೆಗೆ ಹೊರಡಲು ಬಸ್ಸು ಹತ್ತಿದೆವು. ಬಸ್ಸು ಎಲ್ಲಿಗೆ ಹೋಗುತ್ತದೆಂದು ಸಹ ಕೇಳಲಿಲ್ಲ! ಕಾಕು ಗಾಬರಿಯಾಗಿ ಅವನ ಹಣೆ ಮುಟ್ಟಿ ನೋಡಿದಳು.

ಮನೆಯ ಮುಂದೆ ಟ್ರ್ಯಾಕ್ಟರು, ಟ್ರೇಲರು ಬೆಳಗ್ಗೆ ಬಿಟ್ಟಲ್ಲೇ ಅಡ್ಡಲಾಗಿ ನಿಂತಿದ್ದವು. ಕಾಕಾ ಉಡಿದಾರದಿಂದ ಚಾವಿ ಬಿಚ್ಚಿ ಬಹಳ ಹೊತ್ತು ಕೈಯಲ್ಲಿ ಹಿಡಿದುಕೊಂಡ. ಕೊಟ್ಟೇಬಿಡುತ್ತಾನೆ ಎಂದುಕೊಂಡೆ. ಕಾಕುವೂ ಹಾಗೇ ತಿಳಿದಳೆಂದು ಕಾಣುತ್ತದೆ, ಕೈ ಮುಂದೆ ಮಾಡಲಿಲ್ಲ, ಮುಖ ಸಣ್ಣದು ಮಾಡಿಕೊಂಡಳು.

"ನಿಪ್ಪಾಣಿ ಡಾಕ್ಟರನ ಕಡೆ ಹೋಗೂಣು" ಎಂದ ಕಾಕಾ, ಯಾರ ಮುಖವನ್ನೂ ನೋಡದೆ. "ಅಂವ ಹೇಳೂದ ನೀ ಕೇಳು. ನೀ ಹೂಂ ಅಂದ್ರ ತಗಸೂಣು. ಕಣ್ಣ ಬರೂತನಕ ಚಾವಿ ನಿನ್ನ ಕಡೆ ಇರ್ಲಿ." ಆಮೇಲೆ ಟ್ರ್ಯಾಕ್ಟರು ಹತ್ತಿದ. "ಈಗ ಇದೊಂದ ಸಲ, ಇದನ್ನ ಒಳಗ ಹಾಕತೇನಿ. ನೀ ಹಿಂದ ನಿಂದರು. ಹುಷಾರಲೆ, ಗ್ವಾಡಿಕಿಂತ ಈಚೆ ನಿಂದರು."

ಕಾಕು ಚೀಲ ಇಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿ, ದನದ ಮನೆಯ ಎದುರಿನ ಬೇವಿನ ಮರದ ಬುಡಕ್ಕೆ ಹೋಗಿ ನಿಂತಳು. ಟ್ರ್ಯಾಕ್ಟರು ಗುಡುಗಿತು. ಅವಳಿಗೆ ಗಾಬರಿ, 'ಬರ್ಲಿ' ಎನ್ನುವ ಬದಲು ಮರಾಠಿ ತಾನಾಗಿ ಬಂತು. "ಯೇಊ ದೇ... ಯೇಊ ದೇ... ಯೇಊ ದೇ..." ಟ್ರೇಲರು ಗೋಡೆ ಮತ್ತು ಮರದ ನಡುವಿನ ಸಂದಿಗೆ ಮೆಲ್ಲಗೆ, ಒಂದೇ ಓಟಕ್ಕೆ ಸರಿಯುತ್ತಾ ಬಂತು. "ಬಸ್!"

ಇಂಜಿನ್ ನಿಂತಿತು. ರೂಢಿಯಂತೆ ನಾನು ಕಾಕಾ ಇಳಿದು ಹಿಂದೆ ಬಂದು ನೋಡುವುದನ್ನು ಕಾಯುತ್ತಾ ನಿಂತೆ. ಎಮ್ಮೆಯೂ ಕತ್ತು ತಿರುಗಿಸಿ ಕಾಯುತ್ತಿತ್ತು.

ಕಾಕಾ ಸೀಟಿನ ಮೇಲೆಯೇ ಕುಳಿತಿದ್ದ. ಇಳಿಯಲಿಲ್ಲ.