ಚೆಲ್ಲಾಪಿಲ್ಲಿಯ ನಕ್ಷೆ

ಇನ್‌ಸ್ಪೆಕ್ಟರ್ ಆ ಬೆಳಗ್ಗೆ ಪೇದೆಗೆ ಹೇಳಿದ್ದು ಇಷ್ಟೇ: "ಕಳ್ಳತನ ಆಗಿರೋ ಮನೆಗೆ ಹೋಗಿ ನಕ್ಷೆ ಬರಿ. ಚಮಚ ಬಿದ್ದಿದ್ರೂ ಗೋಡೆಯಿಂದ ಎಷ್ಟು ದೂರ ಅಂತ ಅಳಿ. ಸರಿಯಾಗಿ ಬಂದ್ರೆ ಠಾಣೆಯೊಳಗೆ ಕೆಲಸ. ಕೆಡಿಸಿದ್ರೆ ಮತ್ತೆ ವೃತ್ತದಲ್ಲಿ ನಿಂತು ಲಾರಿಗೆ ಕೈ ತೋರ್ಸು." ಪೇದೆ ಟೇಪು, ಕಾಗದ ಹಿಡಿದು ಹೊರಟ.

ಹೇಳಿದ್ದ ಬೀದಿಯಲ್ಲಿ ಮನೆ ಹುಡುಕುವ ತೊಂದರೆಯೇ ಬರಲಿಲ್ಲ. ಒಂದು ಮನೆಯ ಬಾಗಿಲು ತೆರೆದಿತ್ತು. ಒಳಗೆ ಬೀರು ಬಾಯ್ದೆರೆದಿತ್ತು. ಬಟ್ಟೆ, ಪಾತ್ರೆ, ದಿಂಬು, ಛತ್ರಿಗಳೆಲ್ಲ ಸಂತೆ ಮುಗಿದ ಬಯಲಿನಂತೆ ಹರಡಿದ್ದವು.

"ಅಯ್ಯಯ್ಯೋ! ಕಳ್ಳ ಏನು ಗತಿ ಮಾಡಿ ಹೋಗಿದ್ದಾನಮ್ಮ!" ಎಂದ ಪೇದೆ.

ಮನೆಯಾಕೆ ತಬ್ಬಿಬ್ಬಾದಳು. ಅಷ್ಟರಲ್ಲಿ ಪಕ್ಕದ ಮನೆಯಾಕೆ ಬಾಗಿಲಲ್ಲಿ ಪ್ರತ್ಯಕ್ಷಳಾಗಿ ಕತ್ತು ಉದ್ದ ಮಾಡಿದಳು. ಪೊಲೀಸರ ಮುಂದೆ ಸುಳ್ಳಾದರೂ ಹೇಳಬಹುದು, ಪಕ್ಕದ ಮನೆಯವಳ ಮುಂದೆ ತನ್ನ ಮನೆ ದಿನಾ ಹೀಗೇ ಇರುತ್ತದೆಂದು ಒಪ್ಪಿಕೊಳ್ಳಲಾದೀತೇ?

"ಹೂಂ ಸಾರ್, ಎಲ್ಲಾ ಅವನೇ ಮಾಡಿದ್ದು" ಎಂದಳು.

"ಯಾರೂ ಏನೂ ಮುಟ್ಟಬೇಡಿ!" ಎಂದು ಪೇದೆ ಟೇಪು ಬಿಚ್ಚಿದ. ಅದರ ಇನ್ನೊಂದು ತುದಿ ಹಿಡಿಯಲು ಪಕ್ಕದ ಮನೆಯಾಕೆ ಕರೆಯುವ ಮೊದಲೇ ಒಳಗೆ ಬಂದಿದ್ದಳು.

"ಈ ಕಾಲುಚೀಲ ಬರ್ಕೊಂಡ್ರಾ? ಇದರ ಜೋಡಿ ಫ್ಯಾನ್ ಮೇಲಿದೆ ನೋಡಿ. ಎಂಥಾ ಕಳ್ಳನಪ್ಪಾ!"

ಗಂಡ ಸ್ನಾನ ಮುಗಿಸಿ ಹೊರಗೆ ಬಂದ. "ಆ ಟವೆಲ್ಲು ನಾನೇ ನಿನ್ನೆ ಅಲ್ಲಿ..." ಎನ್ನುವಷ್ಟರಲ್ಲಿ ಹೆಂಡತಿ ಕಣ್ಣು ಬಿಟ್ಟಳು. "...ನೋಡೇ ಇರ್ಲಿಲ್ಲ" ಎಂದು ಮಾತು ನುಂಗಿದ.

ಮಧ್ಯಾಹ್ನದ ಹೊತ್ತಿಗೆ ನಕ್ಷೆ ಮುಗಿಯಿತು. ಸೌಟು, ಚಪ್ಪಲಿ, ತಲೆದಿಂಬಿನೊಳಗಿನ ಬಾಚಣಿಗೆ, ಒಂದೂ ಬಿಟ್ಟುಹೋಗಿರಲಿಲ್ಲ. ಪೇದೆಗೆ ತನ್ನ ಮೇಲೆ ತನಗೇ ಗೌರವ ಹುಟ್ಟಿತು.

"ಈಗ ಹೇಳಮ್ಮ, ಏನೇನು ಹೋಗಿದೆ?"

"ಏನೂ ಹೋಗಿಲ್ಲ ಸಾರ್. ಹುಡುಕಿದ್ರೆ ಎಲ್ಲಾ ಇಲ್ಲೇ ಎಲ್ಲೋ ಇರುತ್ತೆ."

ಪೇದೆ ತಲೆ ಕೆರೆದುಕೊಳ್ಳುತ್ತಿದ್ದಾಗಲೇ ಇನ್‌ಸ್ಪೆಕ್ಟರ್ ಬಾಗಿಲಿಗೆ ಬಂದು ಗುಡುಗಿದರು. "ಇಲ್ಲೇನೋ ಮಾಡ್ತಿದ್ದೀಯ? ಕಳ್ಳತನ ಆಗಿರೋದು ಪಕ್ಕದ ಮನೇಲಿ! ಬಾಗಿಲು ತಟ್ಟಿ ತಟ್ಟಿ ನನ್ನ ಕೈ ನೋಯ್ತು!"

ಎಲ್ಲರೂ ಟೇಪು ಹಿಡಿದವಳ ಕಡೆ ತಿರುಗಿದರು.

"ದೂರು ಕೊಟ್ಟಿದ್ದು ನಾನೇ ಸಾರ್" ಎಂದಳು ಆಕೆ, ತುದಿ ಬಿಡದೆ. "ನಮ್ಮದು ಬರೀ ಬಳೆ. ಪಾಪ, ಇವರಿಗೆ ಇಷ್ಟು ದೊಡ್ಡದು ಆಗಿದೆಯಲ್ಲ, ಮೊದಲು ಇವರದೇ ಮುಗೀಲಿ ಅಂತ ಸುಮ್ನಿದ್ದೆ."

ಪೇದೆಗೆ ಹೋದ ಜೀವ ಬಂದಂತಾಯಿತು. "ಈಗಲೇ ಅಳೀತೀನಿ ಸಾರ್, ಒಂದು ಚಮಚ ಬಿಡಲ್ಲ!"

"ಬನ್ನಿ ಬನ್ನಿ" ಎಂದು ಆಕೆ ಹೆಮ್ಮೆಯಿಂದ ಮುಂದೆ ನಡೆದಳು. "ನಮ್ಮನೆ ಹೀಗಿಲ್ಲಪ್ಪ. ನೀವೆಲ್ಲ ಬರ್ತೀರಿ ಅಂತ ಬೆಳಗ್ಗೇನೇ ಬೀರು ಜೋಡಿಸಿ, ಕಿಟಕಿ ಒರೆಸಿ, ಮೂಲೆ ಮೂಲೆ ತೊಳೆದಿಟ್ಟಿದ್ದೀನಿ."

ಇನ್‌ಸ್ಪೆಕ್ಟರ್ ಹಣೆ ಚಚ್ಚಿಕೊಂಡರು. ಪೇದೆ ಟೇಪನ್ನು ಸುತ್ತಿ ಅವರ ಕೈಗಿಟ್ಟ. ಟೋಪಿ ಸರಿಮಾಡಿಕೊಂಡು, ಯಾರೂ ಕಳಿಸದೆ ತಾನಾಗಿಯೇ ವೃತ್ತದ ಕಡೆ ನಡೆದ.